ಮೇಜು ಗರಗಸದ ರೆಕ್ಕೆಗಳ ಸಮತಲ ಜೋಡಣೆ

ಮೇಜು ಗರಗಸದ ರೆಕ್ಕೆಗಳ ಸಮತಲ ಜೋಡಣೆ ಎಂದರೆ ಮೇಜು ಗರಗಸದ ಮುಖ್ಯ ಮೇಜಿನ ಎಡಬಲಗಳಿಗೆ ಬೋಲ್ಟುಗಳಿಂದ ಸೇರಿಸುವ ವಿಸ್ತರಣಾ ಫಲಕಗಳನ್ನು ಮುಖ್ಯ ಮೇಜಿನ ಮೇಲ್ಮೈಯೊಡನೆ ಒಂದೇ ಸಮತಲದಲ್ಲಿ ನಿಲ್ಲಿಸುವ ಕೆಲಸ. ಈ ಫಲಕಗಳಿಗೆ ಮರಗೆಲಸದವರಲ್ಲಿ ರೆಕ್ಕೆಗಳು ಎಂದು ಹೆಸರು. ಹೊಸ ಯಂತ್ರವನ್ನು ಪೆಟ್ಟಿಗೆಯಿಂದ ತೆಗೆದು ಜೋಡಿಸುವಾಗ ಮಾಡಬೇಕಾದ ಮೊದಲ ಹೊಂದಾಣಿಕೆಗಳಲ್ಲಿ ಇದೂ ಒಂದು. ಫೆನ್ಸ್ ಎಂಬ ಮಾರ್ಗದರ್ಶಿ ಪಟ್ಟಿಯನ್ನು ಹೊರುವ ಹಳಿಯು ಅನೇಕ ಯಂತ್ರಗಳಲ್ಲಿ ಮುಖ್ಯ ಮೇಜಿಗೂ ರೆಕ್ಕೆಗಳಿಗೂ ಒಟ್ಟಿಗೆ ಕೂರುವುದರಿಂದ, ರೆಕ್ಕೆಗಳಲ್ಲಿ ಉಳಿದ ತಪ್ಪು ಮುಂದಿನ ಜೋಡಣೆಗೂ ದಾಟುತ್ತದೆ.

ಈ ಕೆಲಸದಲ್ಲಿ ಸಮತಲ ಎಂಬ ಪದಕ್ಕೆ ವಿಶಿಷ್ಟವಾದ ಅರ್ಥವಿದೆ. ಗೋಡೆ ಅಥವಾ ನೆಲ ಕಟ್ಟುವಾಗ ರಸಮಟ್ಟದಿಂದ ನೋಡುವ ಭೂಮಟ್ಟ ಇಲ್ಲಿ ಮುಖ್ಯವಲ್ಲ. ಯಂತ್ರ ಇಡೀಯಾಗಿ ಒಂದಿಷ್ಟು ವಾಲಿ ನಿಂತಿದ್ದರೂ ಮರವನ್ನು ಸರಿಯಾಗಿಯೇ ಕೊಯ್ಯಬಲ್ಲದು. ಮೂರು ಬೇರೆ ಬೇರೆ ಫಲಕಗಳು ಸೇರಿ ಒಂದೇ ಮೇಲ್ಮೈಯಂತೆ ವರ್ತಿಸುವುದು ಮುಖ್ಯ. ಹಲಗೆ ಅವುಗಳ ಮೇಲೆ ಎಲ್ಲಿಯೂ ತಡೆಯದೆ, ಎಲ್ಲಿಯೂ ಅಲುಗದೆ ಜಾರಬೇಕು.

ಯಂತ್ರದ ರಚನೆ

ಮೇಜು ಗರಗಸದಲ್ಲಿ ದುಂಡನೆಯ ಬ್ಲೇಡೊಂದು ಮೇಜಿನ ಕೆಳಗಿನ ದಂಡದ ಮೇಲೆ ತಿರುಗುತ್ತದೆ. ಅದರ ಒಂದು ಭಾಗ ಮಾತ್ರ ಮೇಜಿನ ಸೀಳಿನ ಮೂಲಕ ಮೇಲೆ ಬಂದಿರುತ್ತದೆ. ಕೈಗರಗಸದಲ್ಲಿ ಮರ ನಿಂತಿದ್ದು ಗರಗಸ ಚಲಿಸಿದರೆ, ಇಲ್ಲಿ ಬ್ಲೇಡು ಇದ್ದಲ್ಲೇ ತಿರುಗುತ್ತ ಮರ ಚಲಿಸುತ್ತದೆ. ಹೀಗಾಗಿ ಮರ ಯಾವ ಮೇಲ್ಮೈಯ ಮೇಲೆ ಜಾರುತ್ತದೆಯೋ ಅದೇ ಕೊಯ್ತದ ಆಳಕ್ಕೂ ಕೋನಕ್ಕೂ ಆಧಾರ.

ಹವ್ಯಾಸಿಗಳೂ ಸಣ್ಣ ಕಾರ್ಯಾಗಾರಗಳೂ ಬಳಸುವ 10 ಅಂಗುಲದ, ಅಂದರೆ 254 ಮಿ.ಮೀ. ಬ್ಲೇಡಿನ ಅಮೆರಿಕನ್ ಮಾದರಿಯ ಯಂತ್ರಗಳಲ್ಲಿ ಮುಖ್ಯ ಮೇಜು ಸಾಮಾನ್ಯವಾಗಿ ಸುಮಾರು 20 ಅಂಗುಲ ಅಗಲ, 27 ಅಂಗುಲ ಆಳವಿರುತ್ತದೆ. ಎರಡೂ ಬದಿಗೆ ಸುಮಾರು 10 ಅಂಗುಲದ ರೆಕ್ಕೆಗಳು ಸೇರಿದಾಗ ಒಟ್ಟು ಅಗಲ 40 ಅಂಗುಲ, ಅಂದರೆ ಒಂದು ಮೀಟರಿನಷ್ಟಾಗುತ್ತದೆ. ಇಷ್ಟು ಅಗಲದ ಮೇಜನ್ನು ಒಂದೇ ಎರಕದಲ್ಲಿ ತಯಾರಿಸಿದರೆ ತೂಕ ಹೆಚ್ಚುತ್ತದೆ, ಸಾಗಣೆ ಕಷ್ಟವಾಗುತ್ತದೆ, ಬೆಲೆಯೂ ಏರುತ್ತದೆ. ಆದ್ದರಿಂದ ತಯಾರಕರು ಮೇಜನ್ನು ಮೂರು ತುಂಡಾಗಿ ಕಳುಹಿಸುತ್ತಾರೆ. ಅವುಗಳನ್ನು ಒಂದುಗೂಡಿಸುವ ಹೊಣೆ ಕೊಂಡವನದು.

ಪ್ರತಿ ರೆಕ್ಕೆಯ ಒಳ ಅಂಚು ಮುಖ್ಯ ಮೇಜಿನ ಪಕ್ಕದ ಲಂಬ ಮುಖಕ್ಕೆ ತಾಗಿ ನಿಲ್ಲುತ್ತದೆ. ಹೆಚ್ಚಿನ ಯಂತ್ರಗಳಲ್ಲಿ ಮೂರು ಅಥವಾ ನಾಲ್ಕು ಬೋಲ್ಟುಗಳು ಅದನ್ನು ಹಿಡಿದಿಡುತ್ತವೆ. ಬೋಲ್ಟಿನ ರಂಧ್ರಗಳು ಬೋಲ್ಟಿಗಿಂತ ತುಸು ದೊಡ್ಡವಾಗಿರುವುದರಿಂದ ಬಿಗಿಯುವ ಮುನ್ನ ರೆಕ್ಕೆಯನ್ನು ಮೇಲೆ ಕೆಳಗೆ ಸರಿಸಲು ಅವಕಾಶವಿದೆ. ಹೊಂದಾಣಿಕೆ ನಡೆಯುವುದು ಈ ಸಡಿಲದ ಮಿತಿಯಲ್ಲಿಯೇ.

ಇತಿಹಾಸ

ದುಂಡು ಗರಗಸದ ಉಲ್ಲೇಖವಿರುವ ಪೇಟೆಂಟನ್ನು ಇಂಗ್ಲೆಂಡಿನ ಸೌತಾಂಪ್ಟನ್‌ನ ಸ್ಯಾಮ್ಯುಯಲ್ ಮಿಲ್ಲರ್ 1777ರಲ್ಲಿ ಪಡೆದನು. ಜರ್ಮನಿಯ ವಿಲ್‌ಹೆಲ್ಮ್ ಆಲ್ಟೆನ್‌ಡಾರ್ಫ್ 1906ರಲ್ಲಿ ಜಾರುಮೇಜಿನ ಗರಗಸವನ್ನು ರೂಪಿಸಿದನು. ಇದರಲ್ಲಿ ಮೇಜಿನ ಒಂದು ಭಾಗವೇ ಹಲಗೆಯನ್ನು ಹೊತ್ತು ಬ್ಲೇಡಿನ ಪಕ್ಕದಲ್ಲಿ ಚಲಿಸುತ್ತದೆ. ಪೀಠೋಪಕರಣ ಕಾರ್ಖಾನೆಗಳಲ್ಲಿ ಇಂದಿಗೂ ಈ ಮಾದರಿಯ ಯಂತ್ರಗಳು ಬಳಕೆಯಲ್ಲಿವೆ. ಅಮೆರಿಕದ ಡೆಲ್ಟಾ ಕಂಪನಿ 1939ರಲ್ಲಿ ಹೊರತಂದ ಯೂನಿಸಾ ಎಂಬ ಯಂತ್ರದಲ್ಲಿ ಮೇಜು ಸ್ಥಿರವಾಗಿದ್ದು ಬ್ಲೇಡು ವಾಲುತ್ತಿತ್ತು. ಅದಕ್ಕೆ ಮೊದಲಿನ ಅನೇಕ ಯಂತ್ರಗಳಲ್ಲಿ ಓರೆ ಕೊಯ್ತಕ್ಕಾಗಿ ಮೇಜನ್ನೇ ವಾಲಿಸಬೇಕಿತ್ತು. ಮೇಜು ಒಂದೇ ಸ್ಥಿತಿಯಲ್ಲಿ ನಿಲ್ಲುವಂತಾದ ಮೇಲೆ ಅದರ ಎರಡೂ ಬದಿಗೆ ಅಗಲವಾದ ಫಲಕಗಳನ್ನೂ ಉದ್ದದ ಹಳಿಗಳನ್ನೂ ಸೇರಿಸುವುದು ಅನುಕೂಲವಾಯಿತು.

ರೆಕ್ಕೆಗಳ ವಸ್ತು

ರೆಕ್ಕೆಗಳು ಮುಖ್ಯವಾಗಿ ಮೂರು ಬಗೆಯವು.

ಬೀಡು ಕಬ್ಬಿಣದ ಗಟ್ಟಿ ರೆಕ್ಕೆ: ಮುಖ್ಯ ಮೇಜಿನಂತೆಯೇ ಎರಕ ಹೊಯ್ದು, ಮೇಲ್ಮೈಯನ್ನು ಯಂತ್ರದಲ್ಲಿ ಉಜ್ಜಿ ಸಮಮಾಡಿರುತ್ತಾರೆ. ತೂಕ ಹೆಚ್ಚು, ಬಾಗುವುದು ಕಡಿಮೆ.

ಜಾಲರಿ ರೆಕ್ಕೆ: ಇದೂ ಬೀಡಿನದೇ. ತೂಕ ಇಳಿಸಲು ನಡುನಡುವೆ ಖಾಲಿ ಬಿಟ್ಟಿರುತ್ತಾರೆ. ಸಣ್ಣ ತುಂಡುಗಳು ಖಾಲಿಯಲ್ಲಿ ಸಿಕ್ಕಿಕೊಳ್ಳುವುದುಂಟು. ಫೆನ್ಸ್ ಸರಿಸುವಾಗ ಬೆರಳು ಸಿಲುಕದಂತೆಯೂ ನೋಡಿಕೊಳ್ಳಬೇಕು.

ಉಕ್ಕಿನ ತಗಡಿನ ರೆಕ್ಕೆ: ತಗಡನ್ನು ಅಚ್ಚಿನಲ್ಲಿ ಒತ್ತಿ ಅಂಚು ಮಡಚಿ ಮಾಡಿದ್ದು. ಹಗುರ ಮತ್ತು ಅಗ್ಗ. ಸುಲಭವಾಗಿ ತಿರುಚಿಕೊಳ್ಳುವುದರಿಂದ ಸಮತಲಕ್ಕೆ ತರುವುದು ಇದರಲ್ಲಿ ಹೆಚ್ಚು ತಾಳ್ಮೆ ಬೇಡುತ್ತದೆ. ಆದರೆ ತುಸು ಬಗ್ಗುವ ಗುಣದಿಂದಾಗಿ ಬೋಲ್ಟಿನ ಬಿಗಿತದಿಂದಲೇ ಸರಿದಾರಿಗೆ ಎಳೆದುಕೊಳ್ಳಲೂ ಬರುತ್ತದೆ.

ಯಂತ್ರದ ಮೇಜುಗಳಿಗೆ ಬೀಡನ್ನು ಆರಿಸುವುದಕ್ಕೆ ಕಾರಣ ಅದರ ಒಳರಚನೆಯಲ್ಲಿದೆ. ಬೂದು ಬೀಡಿನಲ್ಲಿ ಸುಮಾರು ಶೇ. 2.5ರಿಂದ 4ರಷ್ಟು ಇಂಗಾಲವಿದ್ದು, ಅದರಲ್ಲಿ ಬಹುಪಾಲು ಗ್ರಾಫೈಟ್ ಪದರಗಳಾಗಿ ಹರಡಿರುತ್ತದೆ. ಈ ಪದರಗಳು ಕಂಪನವನ್ನು ಹೀರಿಕೊಳ್ಳುತ್ತವೆ, ಉಜ್ಜುವ ಕೆಲಸವನ್ನು ಸುಲಭಗೊಳಿಸುತ್ತವೆ. ಅವೇ ಪದರಗಳಿಂದಾಗಿ ಬೀಡು ಪೆಡಸಾಗಿಯೂ ಇರುತ್ತದೆ; ಸುತ್ತಿಗೆಯ ನೇರ ಏಟಿಗೆ ಅಂಚು ಸಿಡಿಯಬಹುದು.

ಎರಕ ತಣಿಯುವಾಗ ತೆಳುವಾದ ಭಾಗ ಬೇಗನೆ, ದಪ್ಪವಾದ ಭಾಗ ನಿಧಾನವಾಗಿ ತಣಿಯುತ್ತದೆ. ಇದರಿಂದ ಲೋಹದೊಳಗೆ ಬಿಗುವು ಉಳಿಯುತ್ತದೆ. ಹಿಂದೆ ಎರಕಗಳನ್ನು ತಿಂಗಳುಗಟ್ಟಲೆ ಬಯಲಿನಲ್ಲಿಟ್ಟು ಹದಗೊಳಿಸಿ, ಬಳಿಕ ಮೇಲ್ಮೈ ಉಜ್ಜುವ ರೂಢಿಯಿತ್ತು. ಈಗ ಕುಲುಮೆಯಲ್ಲಿ ಕಾಯಿಸಿ ನಿಧಾನವಾಗಿ ತಣಿಸುತ್ತಾರೆ. ಹದ ಸಾಲದ ಎರಕ ಉಜ್ಜಿದ ಮೇಲೂ ನಿಧಾನವಾಗಿ ಬಾಗಬಹುದು. ಹೊಸ ಯಂತ್ರದ ರೆಕ್ಕೆ ಕೆಲವೊಮ್ಮೆ ನಡುವೆ ಉಬ್ಬಿಯೋ ತಗ್ಗಿಯೋ ಬರುವುದಕ್ಕೆ ಇದೂ ಒಂದು ಕಾರಣ.

ಕರ್ನಾಟಕದಲ್ಲಿ ಬೀಡು ಕಬ್ಬಿಣದ ದೊಡ್ಡ ಪ್ರಮಾಣದ ಉತ್ಪಾದನೆ ಆರಂಭವಾದದ್ದು ಶಿವಮೊಗ್ಗ ಜಿಲ್ಲೆಯ ಭದ್ರಾವತಿಯಲ್ಲಿ. ಮೈಸೂರು ಸಂಸ್ಥಾನ ಸ್ಥಾಪಿಸಿದ ಕಬ್ಬಿಣದ ಕಾರ್ಖಾನೆಯ ಊದುಕುಲುಮೆ 1923ರ ಜನವರಿಯಲ್ಲಿ ಕೆಲಸ ಶುರುಮಾಡಿತು. ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು. ಕಲ್ಲಿದ್ದಲಿನ ಬದಲು ಸುತ್ತಲಿನ ಕಾಡಿನ ಮರದಿಂದ ಸುಟ್ಟ ಇದ್ದಿಲೇ ಕುಲುಮೆಗೆ ಉರುವಲಾಗಿತ್ತು. ಮುಂದೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಪಡೆದ ಈ ಕಾರ್ಖಾನೆ ಬೀಡಿನ ಕೊಳವೆಗಳನ್ನೂ ತಯಾರಿಸುತ್ತಿತ್ತು. ಶಿವಮೊಗ್ಗ ಮತ್ತು ಭದ್ರಾವತಿಯ ಸುತ್ತಮುತ್ತ ಎರಕದ ಕಾರ್ಖಾನೆಗಳು ಇಂದಿಗೂ ಇವೆ. ಮಲೆನಾಡಿನ ಈ ಭಾಗದಲ್ಲಿ ಮರದ ಕಸುಬೂ ಎರಕದ ಕಸುಬೂ ಅಕ್ಕಪಕ್ಕದಲ್ಲಿ ಬೆಳೆದಿವೆ. ಮೇಜು ಗರಗಸವು ಆ ಎರಡೂ ಕಸುಬುಗಳು ಸೇರುವ ಯಂತ್ರ.

ಸಮತಲದ ಅಗತ್ಯ

ರೆಕ್ಕೆ ತಪ್ಪಾಗಿ ನಿಂತಾಗ ಮೂರು ಬಗೆಯ ದೋಷಗಳು ಕಾಣುತ್ತವೆ.

ಮೊದಲನೆಯದು ಸಂದಿನಲ್ಲಿ ಮೆಟ್ಟಿಲು. ರೆಕ್ಕೆಯ ಒಳ ಅಂಚು ಮುಖ್ಯ ಮೇಜಿಗಿಂತ ಎತ್ತರದಲ್ಲಿದ್ದರೆ ಹಲಗೆಯ ಅಂಚು ಅಲ್ಲಿ ತಡೆಯುತ್ತದೆ. ಅಡ್ಡ ಕೊಯ್ತದಲ್ಲಿ ಉದ್ದದ ಹಲಗೆಯ ತುದಿ ಸಂದಿಗೆ ಸಿಕ್ಕರೆ ಕೊಯ್ಯುವವನು ತಿಳಿಯದೆಯೇ ಹೆಚ್ಚು ಬಲ ಹಾಕುತ್ತಾನೆ.

ಎರಡನೆಯದು ಹೊರ ಅಂಚಿನ ಏರು ಅಥವಾ ಇಳಿಕೆ. ಇವೆರಡೂ ಸಮಾನ ದೋಷಗಳಲ್ಲ. ಹೊರ ಅಂಚು ತುಸು ತಗ್ಗಿದ್ದರೆ ಹಲಗೆ ಮುಖ್ಯ ಮೇಜಿನ ಮೇಲೆಯೇ ಕೂತಿರುತ್ತದೆ. ಕೊಯ್ತ ಹೆಚ್ಚು ಕೆಡುವುದಿಲ್ಲ. ಹೊರ ಅಂಚು ಎತ್ತರದಲ್ಲಿದ್ದರೆ ಮಾತ್ರ ಹಲಗೆ ಬ್ಲೇಡಿನ ಬಳಿ ಮೇಜಿನಿಂದ ಮೇಲೇಳುತ್ತದೆ. ಬ್ಲೇಡಿನಿಂದ ಎಡಕ್ಕೆ 500 ಮಿ.ಮೀ. ದೂರದಲ್ಲಿರುವ ರೆಕ್ಕೆಯ ಹೊರ ಅಂಚು 1 ಮಿ.ಮೀ. ಎತ್ತರದಲ್ಲಿದೆ, ಹಲಗೆಯ ಬಲ ಅಂಚು ಬ್ಲೇಡಿನಿಂದ 300 ಮಿ.ಮೀ. ದೂರದ ಫೆನ್ಸ್‌ಗೆ ತಾಗಿ ಮೇಜಿನ ಮೇಲಿದೆ ಎಂದು ಭಾವಿಸಿದರೆ, ಹಲಗೆ 800 ಮಿ.ಮೀ. ಅಂತರದಲ್ಲಿ 1 ಮಿ.ಮೀ. ಏರುತ್ತದೆ. ಬ್ಲೇಡಿನ ಜಾಗದಲ್ಲಿ ಹಲಗೆಯ ತಳ ಮೇಜಿನಿಂದ ಸುಮಾರು 0.4 ಮಿ.ಮೀ. ಮೇಲಿರುತ್ತದೆ. ಹಲಗೆಯನ್ನು ಎರಡಾಗಿ ಕೊಯ್ಯುವಾಗ ಇದು ಗಮನಕ್ಕೆ ಬಾರದು. ಕಪಾಟಿನ ಅರೆಗಳಿಗಾಗಿ 6 ಮಿ.ಮೀ. ಆಳದ ಗಾಡಿ ಹೊಡೆಯುವಾಗ ಮಾತ್ರ ಆಳ 5.6 ಮಿ.ಮೀ.ಗೆ ಇಳಿಯುತ್ತದೆ. ಕೈಯಿಂದ ಒತ್ತಿದಾಗ ಒಂದಾಳ, ಒತ್ತದಿದ್ದಾಗ ಇನ್ನೊಂದಾಳ ಬಂದು ಅರೆ ಸರಿಯಾಗಿ ಕೂರುವುದಿಲ್ಲ.

ಮೂರನೆಯದು ತಿರುಚು. ರೆಕ್ಕೆಯ ಮುಂದಿನ ಮೂಲೆ ಸರಿಯಾಗಿದ್ದು ಹಿಂದಿನ ಮೂಲೆ ಎದ್ದಿರಬಹುದು. ಆಗ ಹಲಗೆ ಮುಂದೆ ಸಾಗಿದಂತೆ ಅದರ ಆಸರೆ ಬದಲಾಗುತ್ತ, ಕೊಯ್ತದ ನಡುವೆಯೇ ಹಲಗೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ತೂಗುತ್ತದೆ.

ಸುರಕ್ಷತೆ

ಈ ಕೆಲಸ ಅಚ್ಚುಕಟ್ಟಿನ ಪ್ರಶ್ನೆಯಷ್ಟೇ ಅಲ್ಲ. 254 ಮಿ.ಮೀ. ಬ್ಲೇಡು ನಿಮಿಷಕ್ಕೆ 4,000 ಸುತ್ತು ತಿರುಗುವಾಗ ಅದರ ಹಲ್ಲುಗಳು ಸೆಕೆಂಡಿಗೆ ಸುಮಾರು 53 ಮೀಟರ್, ಅಂದರೆ ಗಂಟೆಗೆ ಸುಮಾರು 190 ಕಿ.ಮೀ. ವೇಗದಲ್ಲಿ ಚಲಿಸುತ್ತವೆ. ಬ್ಲೇಡಿನ ಮುಂಭಾಗದ ಹಲ್ಲುಗಳು ಕೆಳಮುಖವಾಗಿ ಕೊಯ್ಯುತ್ತವೆ. ಹಿಂಭಾಗದ ಹಲ್ಲುಗಳು ಮೇಲೇರುತ್ತಿರುತ್ತವೆ. ಕೊಯ್ತದ ನಡುವೆ ಹಲಗೆ ತೂಗಿಯೋ ತಿರುಗಿಯೋ ಹಿಂಭಾಗದ ಹಲ್ಲುಗಳಿಗೆ ಒತ್ತಿಕೊಂಡರೆ ಆ ಹಲ್ಲುಗಳು ಅದನ್ನು ಎತ್ತಿ ಕೊಯ್ಯುವವನ ಕಡೆಗೆ ಎಸೆಯುತ್ತವೆ. ಇದನ್ನು ಕಿಕ್‌ಬ್ಯಾಕ್ ಎನ್ನುತ್ತಾರೆ. ಎಸೆದ ಹಲಗೆಯ ಪೆಟ್ಟಿನಷ್ಟೇ ಅಪಾಯ, ಹಲಗೆ ಸರಿದ ಕ್ಷಣದಲ್ಲಿ ಅದನ್ನು ಒತ್ತುತ್ತಿದ್ದ ಕೈ ಬ್ಲೇಡಿನ ಮೇಲೆ ಬೀಳುವುದರಲ್ಲಿದೆ.

ಅಮೆರಿಕದಲ್ಲಿ ಮೇಜು ಗರಗಸದಿಂದ ಗಾಯಗೊಂಡು ತುರ್ತು ಚಿಕಿತ್ಸಾ ವಿಭಾಗಗಳಿಗೆ ಬರುವವರ ಸಂಖ್ಯೆ ವರ್ಷಕ್ಕೆ ಸುಮಾರು 30,000 ಎಂದು ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಅಂದಾಜಿಸಿದೆ. ಬೆರಳು ತಾಗಿದ ಕೂಡಲೇ ಬ್ಲೇಡನ್ನು ನಿಲ್ಲಿಸುವ ಸಾಸ್ಟಾಪ್ ಯಂತ್ರಗಳು 2004ರಿಂದ ಮಾರುಕಟ್ಟೆಯಲ್ಲಿವೆ. ಭಾರತದಲ್ಲಿ 1948ರ ಕಾರ್ಖಾನೆಗಳ ಅಧಿನಿಯಮದ 21ನೆಯ ಕಲಮು ಯಂತ್ರಗಳ ಅಪಾಯಕಾರಿ ಭಾಗಗಳಿಗೆ ಭದ್ರವಾದ ತಡೆ ಇರಬೇಕೆಂದು ವಿಧಿಸಿತ್ತು. ಆದರೆ ಮನೆಯ ಹಿತ್ತಿಲಿನ ಅಥವಾ ಒಬ್ಬಿಬ್ಬರೇ ದುಡಿಯುವ ಕಾರ್ಯಾಗಾರಗಳಲ್ಲಿ ಈ ಎಚ್ಚರವನ್ನು ಕೆಲಸಗಾರನೇ ವಹಿಸಬೇಕಾಗುತ್ತದೆ.

ಸಮತಲವಾದ ಮೇಜು ಹಲಗೆ ತೂಗದಂತೆ ತಡೆಯುತ್ತದೆ. ಅಷ್ಟರಿಂದಲೇ ಕಿಕ್‌ಬ್ಯಾಕ್ ತಪ್ಪುವುದಿಲ್ಲ. ಕೊಯ್ದ ಸೀಳು ಮುಚ್ಚಿಕೊಳ್ಳದಂತೆ ಬ್ಲೇಡಿನ ಹಿಂದೆ ನಿಲ್ಲುವ ರೈವಿಂಗ್ ನೈಫ್ ಎಂಬ ಉಕ್ಕಿನ ಫಲಕ, ಬ್ಲೇಡಿನ ಮೇಲಿನ ಮುಚ್ಚಳ, ಬ್ಲೇಡಿಗೆ ಸಮಾನಾಂತರವಾದ ಫೆನ್ಸ್, ಕೈಯ ಬದಲು ಬಳಸುವ ತಳ್ಳುಗೋಲು ಇವೆಲ್ಲವೂ ಬೇಕು.

ಜೋಡಣೆಯ ಕ್ರಮ

ಬೇಕಾಗುವ ಸಲಕರಣೆಗಳು ಶಿವಮೊಗ್ಗದ ಗಾಂಧಿ ಬಜಾರ್‌ನಂತಹ ಯಾವುದೇ ಊರಿನ ಪೇಟೆಯ ಆಸುಪಾಸಿನಲ್ಲಿ ಹೊಂದಿಸಿಕೊಳ್ಳಬಹುದಾದವು: ಸ್ಪ್ಯಾನರುಗಳು, ಸಣ್ಣ ಹಲ್ಲಿನ ಅರ, ರಬ್ಬರ್ ಸುತ್ತಿಗೆ ಅಥವಾ ಮರದ ಕೊಡತಿ, ಸೀಮೆಎಣ್ಣೆ, ಬಟ್ಟೆಚೂರು, ಎರಡು ಸಿ-ಕ್ಲಾಂಪು, ತೆಳು ಹಿತ್ತಾಳೆ ಅಥವಾ ಅಲ್ಯೂಮಿನಿಯಂ ತಗಡು. ಇವುಗಳಿಗಿಂತ ಮುಖ್ಯವಾದುದು ನಂಬಬಹುದಾದ ನೇರಪಟ್ಟಿ. ಅದು ರೆಕ್ಕೆ ಮತ್ತು ಮುಖ್ಯ ಮೇಜು ಎರಡರ ಮೇಲೂ ಸಾಕಷ್ಟು ಚಾಚುವಷ್ಟು ಉದ್ದವಿರಬೇಕು. ಪಟ್ಟಿ ನೇರವಿದೆಯೇ ಎಂದು ತಿಳಿಯಲು ಅದರ ಅಂಚಿನಲ್ಲಿ ಚೂಪಾದ ಪೆನ್ಸಿಲಿನಿಂದ ಗೆರೆ ಎಳೆದು, ಪಟ್ಟಿಯನ್ನು ಮಗುಚಿ ಅದೇ ಅಂಚಿನಿಂದ ಮತ್ತೆ ಎಳೆಯುತ್ತಾರೆ. ಎರಡು ಗೆರೆಗಳ ನಡುವೆ ಅಂತರ ಕಂಡರೆ ಪಟ್ಟಿ ಡೊಂಕಾಗಿದೆ. ಕಂಡ ಅಂತರ ನಿಜವಾದ ಡೊಂಕಿನ ಎರಡರಷ್ಟಿರುತ್ತದೆ.

1. ವಿದ್ಯುತ್ ಪ್ಲಗ್ಗನ್ನು ಕಿತ್ತು, ಬ್ಲೇಡನ್ನು ಪೂರ್ತಿ ಕೆಳಗಿಳಿಸಬೇಕು. ಸ್ವಿಚ್ ಆರಿಸಿದರೆ ಸಾಲದು.

2. ತುಕ್ಕು ಹಿಡಿಯದಂತೆ ಕಾರ್ಖಾನೆಯಲ್ಲಿ ಬಳಿದ ಗ್ರೀಸನ್ನು ಸೀಮೆಎಣ್ಣೆಯಿಂದ ತೊಳೆದು ಒಣಬಟ್ಟೆಯಲ್ಲಿ ಒರೆಸಬೇಕು. ಹತ್ತಿರದಲ್ಲಿ ಬೆಂಕಿಯಾಗಲಿ ಬೀಡಿಯಾಗಲಿ ಇರಬಾರದು. ಒಂದಕ್ಕೊಂದು ತಾಗುವ ಲಂಬ ಮುಖಗಳಲ್ಲಿ ಬಣ್ಣದ ಹನಿ, ಕಬ್ಬಿಣದ ಮುಳ್ಳು ಇದ್ದರೆ ಅರವನ್ನು ಚಪ್ಪಟೆಯಾಗಿ ಹಿಡಿದು ತೆಗೆಯಬೇಕು. ಇಲ್ಲಿ ಉಳಿದ ಒಂದು ಹನಿ ಬಣ್ಣವೂ ಹೊರ ಅಂಚನ್ನು ಕಣ್ಣಿಗೆ ಕಾಣುವಷ್ಟು ಎತ್ತಬಲ್ಲದು.

3. ಯಂತ್ರದ ನಾಲ್ಕು ಕಾಲುಗಳೂ ನೆಲಕ್ಕೆ ಗಟ್ಟಿಯಾಗಿ ಕೂತಿರಬೇಕು. ನೀರು ಹರಿಯಲೆಂದು ಇಳಿಜಾರು ಕೊಟ್ಟ ನೆಲದಲ್ಲಿ ಒಂದು ಕಾಲು ಎದ್ದಿರುವುದು ಸಾಮಾನ್ಯ; ಅದರಡಿ ತುಂಡು ತಗಡಿಟ್ಟು ಅಲುಗಾಟ ನಿಲ್ಲಿಸಬೇಕು. ತಗಡಿನ ಪೀಠವಿರುವ ಹಗುರ ಯಂತ್ರ ಅಲುಗುತ್ತಿದ್ದರೆ ಪೀಠವೇ ತಿರುಚಿಕೊಳ್ಳಬಹುದು.

4. ಮುಖ್ಯ ಮೇಜನ್ನು ಮೊದಲು ಪರೀಕ್ಷಿಸಬೇಕು. ನೇರಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ಅದರ ಕೆಳಗೆ ಬೆಳಕು ಎಲ್ಲಿ ಕಾಣುತ್ತದೆ ಎಂದು ನೋಡುತ್ತಾರೆ. ಮುಖ್ಯ ಮೇಜಿನ ದೋಷ ತಿಳಿಯದೆ ರೆಕ್ಕೆಯನ್ನು ತಿದ್ದಲು ಹೊರಟರೆ ಕೆಲಸಕ್ಕೆ ಕೊನೆಯಿರುವುದಿಲ್ಲ.

5. ಒಬ್ಬರು ರೆಕ್ಕೆಯನ್ನು ಹಿಡಿದುಕೊಂಡು ಇನ್ನೊಬ್ಬರು ಬೋಲ್ಟುಗಳನ್ನು ವಾಷರುಗಳೊಡನೆ ಹಾಕುವುದು ಒಳ್ಳೆಯದು. ಬೀಡಿನ ರೆಕ್ಕೆ ಕಾಲ ಮೇಲೆ ಬಿದ್ದರೆ ಗಾಯ ಖಚಿತ. ಒಬ್ಬರೇ ಇದ್ದರೆ ನೆಲದಿಂದ ರೆಕ್ಕೆಯ ಹೊರ ಅಂಚಿನವರೆಗೆ ಮುಟ್ಟುವ ಮರದ ಊರುಗೋಲನ್ನೂ ಅದರಡಿ ಬೆಣೆಯನ್ನೂ ಕೊಡುತ್ತಾರೆ. ಬೋಲ್ಟುಗಳನ್ನು ಈಗ ಕೈಬಿಗಿಯಷ್ಟೇ ತಿರುಗಿಸಬೇಕು: ರೆಕ್ಕೆ ತಾನಾಗಿ ಜಾರಬಾರದು, ಕೊಡತಿಯ ಮೆಲುಪೆಟ್ಟಿಗೆ ಸರಿಯಬೇಕು.

6. ರೆಕ್ಕೆಯ ಮುಂದಿನ ಅಂಚು ಮುಖ್ಯ ಮೇಜಿನ ಮುಂದಿನ ಅಂಚಿನೊಡನೆ ಒಂದೇ ಗೆರೆಯಲ್ಲಿರಲಿ. ಫೆನ್ಸಿನ ಹಳಿ ಕೂರುವುದು ಇಲ್ಲಿಯೇ.

7. ಸಂದನ್ನು ಮುಂದಿನ ತುದಿಯಿಂದ ಸರಿಮಾಡುತ್ತ ಹೋಗುತ್ತಾರೆ. ಬೆರಳ ತುದಿಯನ್ನು ಸಂದಿಗೆ ಅಡ್ಡಲಾಗಿ ಎರಡೂ ದಿಕ್ಕಿಗೆ ಸವರಿದರೆ ಕಣ್ಣಿಗೆ ಕಾಣದ ಮೆಟ್ಟಿಲೂ ತಿಳಿಯುತ್ತದೆ. ಎತ್ತರವಿದ್ದ ಕಡೆ ಮರದ ತುಂಡಿಟ್ಟು ಕೊಡತಿಯಿಂದ ಮೆಲ್ಲಗೆ ಬಡಿದು, ಸಮವಾದ ಕೂಡಲೇ ಆ ಬೋಲ್ಟನ್ನು ಅರ್ಧ ಬಿಗಿಯುತ್ತಾರೆ. ಅನಂತರ ನಡುವಿನ ಬೋಲ್ಟು, ಕೊನೆಗೆ ಹಿಂದಿನದು. ರೆಕ್ಕೆ ತುಸು ಬಾಗಿದ್ದರೆ ಹೀಗೆ ಒಂದೊಂದೇ ಬೋಲ್ಟಿನ ಬಳಿ ಹತೋಟಿಗೆ ತರುವುದರಿಂದ ಸಂದಿನುದ್ದಕ್ಕೂ ಸಮವಾಗುತ್ತದೆ. ನೇರವಾದ ಎರಡು ಗಟ್ಟಿ ರೀಪುಗಳನ್ನು ಮುಖ್ಯ ಮೇಜು ಮತ್ತು ರೆಕ್ಕೆಯ ಮೇಲೆ ಅಡ್ಡಲಾಗಿಟ್ಟು ಕ್ಲಾಂಪಿನಿಂದ ಬಿಗಿದು, ಬಳಿಕ ಬೋಲ್ಟು ತಿರುಗಿಸುವ ಕ್ರಮವೂ ಇದೆ.

8. ಈಗ ನೇರಪಟ್ಟಿಯನ್ನು ಮುಖ್ಯ ಮೇಜಿನಿಂದ ರೆಕ್ಕೆಯ ಹೊರ ಅಂಚಿನವರೆಗೆ ಚಾಚಿ ಮುಂದೆ, ನಡುವೆ, ಹಿಂದೆ ಮೂರು ಕಡೆ ನೋಡಬೇಕು. ಪಟ್ಟಿ ಸಂದಿನ ಮೇಲೆ ಎದ್ದು ನಿಂತರೆ ಹೊರ ಅಂಚು ಎತ್ತರದಲ್ಲಿದೆ. ಹೊರ ಅಂಚಿನ ಬಳಿ ಬೆಳಕು ಕಂಡರೆ ಅದು ತಗ್ಗಿದೆ.

9. ಏರಿಳಿತವಿದ್ದರೆ ಮುಂದೆ ವಿವರಿಸಿದಂತೆ ಪ್ಯಾಕಿಂಗ್ ಕೊಟ್ಟು, 7ನೆಯ ಹಂತದಿಂದ ಮತ್ತೆ ನೋಡಬೇಕು.

10. ಎಲ್ಲ ಬೋಲ್ಟುಗಳನ್ನು ಸುತ್ತಿನ ಮೇಲೆ ಸುತ್ತಿನಂತೆ ಸ್ವಲ್ಪ ಸ್ವಲ್ಪವೇ ಬಿಗಿದು, ಪ್ರತಿ ಸುತ್ತಿನ ನಂತರ ಸಂದನ್ನು ಸವರಿ ನೋಡಬೇಕು. ಕೊನೆಯ ಬಿಗಿತದಲ್ಲಿ ರೆಕ್ಕೆ ಕೂದಲೆಳೆಯಷ್ಟು ಸರಿಯುವುದು ಸಹಜ.

11. ಹಳಿ ಜೋಡಿಸಿದ ಮೇಲೆ ಮತ್ತೊಮ್ಮೆ ಪರೀಕ್ಷೆ ಬೇಕು. ಹಳಿಯ ಬೋಲ್ಟುಗಳು ರೆಕ್ಕೆಯನ್ನು ಎಳೆಯಬಲ್ಲವು.

ಪ್ಯಾಕಿಂಗ್

ಶಿಮ್ ಎಂದೂ ಕರೆಯುವ ಪ್ಯಾಕಿಂಗ್ ಎಂದರೆ ರೆಕ್ಕೆ ಮತ್ತು ಮುಖ್ಯ ಮೇಜಿನ ಲಂಬ ಮುಖಗಳ ನಡುವೆ ಸೇರಿಸುವ ತೆಳು ತುಂಡು. ನಿಯಮ ಸರಳ. ಹೊರ ಅಂಚು ತಗ್ಗಿದ್ದರೆ ತುಂಡನ್ನು ಬೋಲ್ಟಿನ ಕೆಳಗೆ ಇಡಬೇಕು; ರೆಕ್ಕೆಯ ಒಳ ಅಂಚಿನ ತಳ ಹೊರಗೆ ಸರಿದು ಹೊರ ಅಂಚು ಏರುತ್ತದೆ. ಹೊರ ಅಂಚು ಎತ್ತರವಿದ್ದರೆ ತುಂಡನ್ನು ಬೋಲ್ಟಿನ ಮೇಲುಗಡೆ ಇಡಬೇಕು. ತಿರುಚು ಇದ್ದಾಗ ಒಂದು ತುದಿಯಲ್ಲಿ ಕೆಳಗೂ ಇನ್ನೊಂದು ತುದಿಯಲ್ಲಿ ಮೇಲೂ ಕೊಡುವುದುಂಟು.

ತುಂಡಿನ ದಪ್ಪವನ್ನು ಲೆಕ್ಕ ಹಾಕಬಹುದು. ರೆಕ್ಕೆಯ ಅಗಲ 250 ಮಿ.ಮೀ. ಇದ್ದು, ಮೇಲಿನ ಅಂಚಿನಿಂದ ತುಂಡಿರುವ ಜಾಗಕ್ಕೆ 50 ಮಿ.ಮೀ. ಅಂತರವಿದ್ದರೆ ಅಗಲವು ಅಂತರದ ಐದರಷ್ಟು. ಆದ್ದರಿಂದ ತುಂಡಿನ ದಪ್ಪದ ಐದರಷ್ಟು ಹೊರ ಅಂಚು ಏರುತ್ತದೆ. 0.1 ಮಿ.ಮೀ. ದಪ್ಪದ ತುಂಡು 0.5 ಮಿ.ಮೀ. ಎತ್ತುತ್ತದೆ. ಕಚೇರಿಗಳಲ್ಲಿ ಬಳಸುವ ಸಾಮಾನ್ಯ ಕಾಗದದ ದಪ್ಪ ಸುಮಾರು 0.1 ಮಿ.ಮೀ.; ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿಯ ಗೋಡೆಯೂ ಹೆಚ್ಚುಕಡಿಮೆ ಅಷ್ಟೇ. ಎಷ್ಟು ಬೇಕೆಂದು ತಿಳಿಯಲು ಕಾಗದದ ಚೂರುಗಳಿಂದ ಪ್ರಯೋಗ ಮಾಡಿ, ಖಚಿತವಾದ ಮೇಲೆ ಅದೇ ದಪ್ಪದ ಲೋಹದ ತುಂಡಿಡುವುದು ಒಳ್ಳೆಯ ರೂಢಿ. ಕಾಗದ ತೇವ ಹೀರಿ ಕುಗ್ಗುತ್ತದೆ, ಸುತ್ತಲಿನ ಕಬ್ಬಿಣಕ್ಕೂ ತೇವ ಹಿಡಿಸುತ್ತದೆ.

ಎಷ್ಟು ನಿಖರತೆ ಸಾಕು

ಸಂದಿನಲ್ಲಿ ಉಗುರು ತಡೆಯದಿದ್ದರೆ, 0.1 ಮಿ.ಮೀ. ಫೀಲರ್ ಗೇಜ್ ನೇರಪಟ್ಟಿಯಡಿ ಸಂದಿನ ಬಳಿ ನುಸುಳದಿದ್ದರೆ, ಮರಗೆಲಸಕ್ಕೆ ಅದು ಸಾಕು. ಹೊರ ಅಂಚಿನಲ್ಲಿ ಕೆಳಮುಖವಾಗಿ ಒಂದೆರಡು ಕಾಗದದ ದಪ್ಪದಷ್ಟು ಬಿಟ್ಟರೂ ತೊಂದರೆಯಿಲ್ಲ. ಮೇಲ್ಮುಖವಾದ ದೋಷವನ್ನು ಮಾತ್ರ ಬಿಡಬಾರದು. ಮೂರು ಫಲಕಗಳೂ ಪರಿಪೂರ್ಣವಾಗಿರುವುದು ಅಪರೂಪ. ಬ್ಲೇಡಿನ ಸುತ್ತಲಿನ ಭಾಗ ಮತ್ತು ಸಂದುಗಳು ಸರಿಯಾಗಿದ್ದು ದೋಷವನ್ನು ಹೊರ ಮೂಲೆಗಳಿಗೆ ತಳ್ಳಿದ್ದರೆ ಜೋಡಣೆ ಯಶಸ್ವಿ. ಮರವೇ ಹವೆಯೊಡನೆ ಹಿಗ್ಗುತ್ತ ಕುಗ್ಗುತ್ತ ಇರುವ ವಸ್ತು. ಬೇಸಿಗೆಯಲ್ಲಿ ಅಳೆದ ಒಂದಡಿ ಅಗಲದ ಹಲಗೆ ಮಳೆಗಾಲದಲ್ಲಿ ಒಂದು ಮಿಲಿಮೀಟರಿಗೂ ಮೀರಿ ಹಿಗ್ಗಬಹುದು.

ಸಾಮಾನ್ಯ ತಪ್ಪುಗಳು

ರಸಮಟ್ಟವನ್ನು ರೆಕ್ಕೆಯ ಮೇಲಿಟ್ಟು ಗುಳ್ಳೆ ನಡುವೆ ನಿಲ್ಲುವಂತೆ ಹೊಂದಿಸುವುದು ಅತಿ ಸಾಮಾನ್ಯ ತಪ್ಪು. ಮುಖ್ಯ ಮೇಜು ವಾಲಿದ್ದರೆ ಭೂಮಟ್ಟಕ್ಕೆ ಸರಿಯಾದ ರೆಕ್ಕೆ ಮೇಜಿಗೆ ತಪ್ಪಾಗಿರುತ್ತದೆ. ಒಂದು ಬೋಲ್ಟನ್ನು ಪೂರ್ತಿ ಬಿಗಿದು ಉಳಿದವಕ್ಕೆ ಹೋಗುವುದು, ಕಬ್ಬಿಣದ ಸುತ್ತಿಗೆಯಿಂದ ನೇರವಾಗಿ ಬಡಿಯುವುದು, ಬೆರಳು ಸೋಕದೆ ಬರಿಗಣ್ಣಿನಿಂದಲೇ ತೀರ್ಮಾನಿಸುವುದು ಇವೂ ಕೆಲಸ ಕೆಡಿಸುತ್ತವೆ. ಎತ್ತರವಾದ ಅಂಚನ್ನು ಅರದಿಂದಲೋ ಗ್ರೈಂಡರಿನಿಂದಲೋ ಉಜ್ಜಿ ಇಳಿಸುವುದು ಕೊನೆಯ ದಾರಿ. ಪ್ಯಾಕಿಂಗನ್ನು ಯಾವಾಗ ಬೇಕಾದರೂ ತೆಗೆಯಬಹುದು, ಉಜ್ಜಿ ಹೋದ ಕಬ್ಬಿಣವನ್ನು ಮತ್ತೆ ಸೇರಿಸಲು ಬಾರದು. ಹೊಸ ಯಂತ್ರದ ರೆಕ್ಕೆ ಪ್ಯಾಕಿಂಗಿನಿಂದಲೂ ಸರಿಹೋಗದಷ್ಟು ಬಾಗಿದ್ದರೆ ಅದನ್ನು ಮಾರಾಟಗಾರನಿಂದ ಬದಲಿಸಿಕೊಳ್ಳುವುದೇ ಸರಿ.

ಮಲೆನಾಡಿನ ಕಾರ್ಯಾಗಾರಗಳಲ್ಲಿ

ಶಿವಮೊಗ್ಗ ಜಿಲ್ಲೆಯಲ್ಲಿ ಮರದ ಕೆಲಸಕ್ಕೆ ದೀರ್ಘ ಪರಂಪರೆಯಿದೆ. ಸಾಗರ ಮತ್ತು ಸೊರಬದ ಗುಡಿಗಾರರು ಶ್ರೀಗಂಧದ ಕೆತ್ತನೆಗೆ ಹೆಸರಾದವರು. ಅವರ ಸೂಕ್ಷ್ಮ ಕೆತ್ತನೆ ಇಂದಿಗೂ ಉಳಿಯನ್ನೇ ನೆಚ್ಚಿದೆ. ಬಾಗಿಲು, ಕಿಟಕಿ, ಮಂಚ, ಕಪಾಟು ಮಾಡುವ ಬಡಗಿಗಳ ಕಾರ್ಯಾಗಾರಗಳಲ್ಲಿ ಮಾತ್ರ ಯಂತ್ರದ ಗರಗಸ ಸಾಮಾನ್ಯವಾಗಿದೆ. ಇಂತಹ ಕಡೆ ಆಂಗಲ್ ಕಬ್ಬಿಣದ ಚೌಕಟ್ಟಿಗೆ ದಪ್ಪ ಉಕ್ಕಿನ ಹಾಳೆ ಕೂರಿಸಿ, ಬೆಲ್ಟಿನ ಮೂಲಕ ಮೋಟಾರಿಗೆ ಜೋಡಿಸಿದ, ಊರಿನಲ್ಲೇ ತಯಾರಾದ ಯಂತ್ರಗಳೂ ಇರುತ್ತವೆ. ಅವುಗಳಿಗೆ ಬೇರೆ ರೆಕ್ಕೆಗಳಿರುವುದಿಲ್ಲ. 8 ಅಡಿ ಉದ್ದ 4 ಅಡಿ ಅಗಲದ ಪ್ಲೈವುಡ್ ಹಾಳೆ ಕೊಯ್ಯುವಾಗ ಪಕ್ಕಕ್ಕೂ ಹಿಂದಕ್ಕೂ ಮರದ ಮೇಜು ಅಥವಾ ಸ್ಟೂಲು ಇಟ್ಟುಕೊಳ್ಳುತ್ತಾರೆ. ಅದಕ್ಕೂ ಇದೇ ತತ್ತ್ವ ಅನ್ವಯಿಸುತ್ತದೆ: ಆಸರೆ ಗರಗಸದ ಮೇಜಿನ ಮಟ್ಟಕ್ಕೆ ಇರಬೇಕು, ಇಲ್ಲವೇ ಕೂದಲೆಳೆಯಷ್ಟು ತಗ್ಗಿರಬೇಕು, ಎಂದಿಗೂ ಎತ್ತರವಿರಬಾರದು.

ಈ ಪ್ರದೇಶದಲ್ಲಿ ಜೋಡಣೆಯಷ್ಟೇ ಮುಖ್ಯವಾದುದು ಅದನ್ನು ಕಾಯ್ದುಕೊಳ್ಳುವುದು. ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿರುವ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 7,000 ಮಿ.ಮೀ. ಮಳೆಯಾಗುತ್ತದೆ. ಶಿವಮೊಗ್ಗ ನಗರದಲ್ಲಿ ಮಳೆ ಅದಕ್ಕಿಂತ ಬಹಳ ಕಡಿಮೆಯಾದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ತೇವ ಬೀಡಿನ ಮೇಲ್ಮೈಗೆ ಬೇಗನೆ ತುಕ್ಕು ಹಿಡಿಸುತ್ತದೆ. ಸಂದಿನಲ್ಲಿ ಸೇರಿದ ಮರದ ಹುಡಿ ತೇವವನ್ನು ಹಿಡಿದಿಟ್ಟುಕೊಳ್ಳುವುದರಿಂದ ತುಕ್ಕು ಮೊದಲು ಕಾಣುವುದು ಅಲ್ಲಿಯೇ. ಹಸಿಮರ ಕೊಯ್ದ ದಿನ ಮೇಜನ್ನು ಒರೆಸದೆ ಬಿಟ್ಟರೆ ಬೆಳಗಾಗುವುದರೊಳಗೆ ಕಂದು ಕಲೆ ಮೂಡಿರುತ್ತದೆ.

ನಿರ್ವಹಣೆ

ಕೆಲಸ ಮುಗಿದ ಮೇಲೆ ಸಂದುಗಳ ಹುಡಿಯನ್ನು ಬ್ರಷ್ಷಿನಿಂದ ತೆಗೆದು, ಮೇಜಿನ ಮೇಲ್ಮೈಗೆ ಮೇಣದ ತೆಳು ಲೇಪ ಕೊಟ್ಟು ಒಣಬಟ್ಟೆಯಿಂದ ಉಜ್ಜುವುದು ರೂಢಿ. ಮೇಣ ತುಕ್ಕನ್ನು ತಡೆಯುತ್ತದೆ, ಹಲಗೆಯನ್ನು ಸರಾಗವಾಗಿ ಜಾರಿಸುತ್ತದೆ. ಸಿಲಿಕೋನ್ ಇರುವ ಪಾಲಿಶ್ ಬಳಸಬಾರದು. ಅದು ಮರಕ್ಕೆ ಅಂಟಿ ಮುಂದೆ ಬಳಿಯುವ ವಾರ್ನಿಶ್ ಸರಿಯಾಗಿ ಹಿಡಿಯದಂತೆ ಮಾಡುತ್ತದೆ. ಮೂಡಿದ ತುಕ್ಕನ್ನು ನಯವಾದ ಉಜ್ಜುಕಾಗದ ಮತ್ತು ಸೀಮೆಎಣ್ಣೆಯಿಂದ ಹಗುರವಾಗಿ ತೆಗೆಯುತ್ತಾರೆ. ಉಜ್ಜುಕಾಗದವನ್ನು ಮರದ ತುಂಡಿಗೆ ಸುತ್ತಿಕೊಳ್ಳಬೇಕು. ಬೆರಳಿನಿಂದಲೇ ಒತ್ತಿ ಉಜ್ಜಿದರೆ ಒಂದೇ ಕಡೆ ತಗ್ಗು ಬೀಳುತ್ತದೆ.

ಯಂತ್ರದ ಕಂಪನದಿಂದ ಬೋಲ್ಟುಗಳು ಸಡಿಲವಾಗಬಹುದು. ಹೊಸ ಯಂತ್ರದಲ್ಲಿ ಕೆಲವು ವಾರಗಳ ಬಳಕೆಯ ನಂತರ ಒಮ್ಮೆ, ಆಮೇಲೆ ಮಳೆಗಾಲ ಕಳೆದಾಗಲೊಮ್ಮೆ, ಯಂತ್ರವನ್ನು ಸ್ಥಳಾಂತರಿಸಿದಾಗಲೆಲ್ಲ ತಪ್ಪದೆ, ಸಂದುಗಳನ್ನು ಸವರಿ ನೇರಪಟ್ಟಿಯಿಂದ ನೋಡುವುದು ಉಚಿತ. ರೆಕ್ಕೆಯನ್ನು ಹಿಡಿದು ಯಂತ್ರವನ್ನು ಎತ್ತುವುದು ಅಥವಾ ದೂಡುವುದು ಜೋಡಣೆಯನ್ನು ಹಾಳುಮಾಡುತ್ತದೆ, ಹಿಡಿಯಬೇಕಾದುದು ಪೀಠವನ್ನು.

ಇವನ್ನೂ ನೋಡಿ

ಗರಗಸ
ಮರಗೆಲಸ
ಎರಕದ ಕಬ್ಬಿಣ
ಪ್ಲೈವುಡ್
ಗುಡಿಗಾರರು
ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆ
ಭದ್ರಾವತಿ